ನಾಲ್ಕು ಮಿಲಿವೋಲ್ಟ್, ನಾಲ್ಕು ತಿಂಗಳ ಮಳೆ

ಎಲ್‌ಪಿ ರೆಕಾರ್ಡಿನ ಗೀರಿನಲ್ಲಿ ಸೂಜಿ ಅಲುಗಿದಾಗ ಕಾರ್ಟ್ರಿಜ್ (ಸೂಜಿಯನ್ನು ಹಿಡಿದಿರುವ ಪುಟ್ಟ ತಲೆ) ಹುಟ್ಟಿಸುವ ವಿದ್ಯುತ್ತು ಸುಮಾರು 4 ಮಿಲಿವೋಲ್ಟ್. ಟಾರ್ಚಿನ ಒಂದು ಸೆಲ್ಲಿನ 1.5 ವೋಲ್ಟನ್ನು 375 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಸ್ಪೀಕರಿಗೆ ಬೇಕಾದ್ದು ಹತ್ತು ಹನ್ನೆರಡು ವೋಲ್ಟ್. ಅಂದರೆ ಸೂಜಿಯಿಂದ ಸ್ಪೀಕರಿನವರೆಗೆ ಸುಮಾರು ಮೂರು ಸಾವಿರ ಪಟ್ಟು ಹೆಚ್ಚಬೇಕು. ಆಂಪ್ಲಿಫೈಯರ್ ಕಟ್ಟಲು ಹೊರಟವರು ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದು. ವ್ಯಾಟು ಸುಲಭ, ಅಂಗಡಿಯಲ್ಲಿ ಸಿಗುತ್ತದೆ. ಕಷ್ಟ ಇರುವುದು ಆ ಮೊದಲ ನಾಲ್ಕು ಮಿಲಿವೋಲ್ಟಿನಲ್ಲಿ. ಅದರ ಜೊತೆ ಸೇರಿಕೊಳ್ಳುವ ಗುಂಯ್‌ಗುಟ್ಟುವಿಕೆ, ಚರಪರ, ತೇವದ ಸೋರಿಕೆ ಎಲ್ಲವೂ ಅದರಷ್ಟೇ ಪಟ್ಟು ಹಿಗ್ಗುತ್ತವೆ. ಕಾರವಾರದ ಉಪ್ಪು ಗಾಳಿ, ಶಿರಸಿ ಕಡೆಯ ಬಿಡದ ಮಳೆ, ಸಂಜೆಗೆ 180ಕ್ಕೆ ಇಳಿದು ನಡುರಾತ್ರಿ 260ಕ್ಕೆ ಏರುವ ಕರೆಂಟು, ಬೇಸಿಗೆಯಲ್ಲಿ ಒಣಗಿ ಕಲ್ಲಾಗುವ ಚಿರೆಕಲ್ಲಿನ ನೆಲದಲ್ಲಿ ಹೂತ ಅರ್ಥಿಂಗು, ಇವೆಲ್ಲ ಕೈಹಾಕುವುದು ಇದೇ ಜಾಗಕ್ಕೆ. ಆದ್ದರಿಂದ ವಿವರಣೆಯೂ ಸೂಜಿಯಿಂದಲೇ ಶುರುವಾಗಲಿ.

ಯಾವ ಕಾರ್ಟ್ರಿಜ್ ಎಂದು ಮೊದಲು ನೋಡಿ

ಹಳೆಯ ಮನೆಗಳ ಅಟ್ಟದಿಂದ ಇಳಿಯುವ ಎಚ್‌ಎಂವಿ ಫಿಯೆಸ್ಟಾ, ಕ್ಯಾಲಿಪ್ಸೊ ತರಹದ ಪೆಟ್ಟಿಗೆ ಪ್ಲೇಯರುಗಳಲ್ಲಿ ಇರುವುದು ಸೆರಾಮಿಕ್ ಕಾರ್ಟ್ರಿಜ್. ಅದು ಕೊಡುವುದು ನೂರಾರು ಮಿಲಿವೋಲ್ಟ್. ಅದಕ್ಕೆ ಕೆಳಗೆ ಹೇಳುವ ಫೋನೊ ಸ್ಟೇಜ್ (ಸೂಜಿಯ ಸಣ್ಣ ವಿದ್ಯುತ್ತನ್ನು ಹಿಗ್ಗಿಸಿ ಸರಿಮಾಡುವ ಮೊದಲ ಭಾಗ) ಬೇಡ, ಬೇಕಾದ್ದು 1 ಮೆಗಾ ಓಮ್ ಆಸುಪಾಸಿನ ಇನ್‌ಪುಟ್ ಮಾತ್ರ. 47 ಕಿಲೋ ಓಮ್ ಇನ್‌ಪುಟ್ಟಿಗೆ ಸಿಕ್ಕಿಸಿದರೆ ಬೇಸ್ ಪೂರ್ತಿ ಮಾಯವಾಗಿ ಟೆಲಿಫೋನಿನಲ್ಲಿ ಹಾಡಿದಂತೆ ಕೇಳುತ್ತದೆ. ಫೋನೊ ಸ್ಟೇಜಿಗೇ ಸಿಕ್ಕಿಸಿದರೆ ದನಿ ಹರಿದುಹೋಗುತ್ತದೆ. ಈ ಸೂಜಿಗಳು ಗೀರಿನ ಮೇಲೆ ಭಾರವಾಗಿ ಕೂರುವುದರಿಂದ ಒಳ್ಳೆಯ ಎಲ್‌ಪಿಯನ್ನು ಅವುಗಳ ಕೈಗೆ ಕೊಡದಿರುವುದು ವಾಸಿ.

ಈಗ ಸಿಗುವ ಟರ್ನ್‌ಟೇಬಲ್‌ಗಳಲ್ಲಿ ಹೆಚ್ಚಿನವು ಮೂವಿಂಗ್ ಮ್ಯಾಗ್ನೆಟ್ ಜಾತಿಯವು, ಸೂಜಿಯ ಜೊತೆ ಪುಟ್ಟ ಅಯಸ್ಕಾಂತ ಅಲುಗುವಂಥವು. ಉದಾಹರಣೆಗೆ ಆಡಿಯೋ-ಟೆಕ್ನಿಕಾದ ವಿಎಂ95ಇ ಕೊಡುವುದು 4 ಮಿಲಿವೋಲ್ಟ್, ಸೂಜಿಯ ಮೇಲೆ ಬೇಡುವ ಭಾರ 1.8ರಿಂದ 2.2 ಗ್ರಾಂ, ಬಯಸುವ ಲೋಡು 47 ಕಿಲೋ ಓಮ್ ಮತ್ತು 100ರಿಂದ 200 ಪಿಕೋ ಫ್ಯಾರಡ್ ಕೆಪಾಸಿಟನ್ಸು. ಈ ಕೊನೆಯ ಸಂಖ್ಯೆಯನ್ನು ಎಲ್ಲರೂ ಮರೆಯುತ್ತಾರೆ. ಕಾರ್ಟ್ರಿಜ್ಜಿನ ಸುರುಳಿಯ ಇಂಡಕ್ಟನ್ಸ್ 550 ಮಿಲಿ ಹೆನ್ರಿ. ಕೇಬಲ್ಲಿನ ಕೆಪಾಸಿಟನ್ಸು ಅದರ ಜೊತೆ ಸೇರಿ ಒಂದು ಆವರ್ತನದಲ್ಲಿ ಮೊಳಗುತ್ತದೆ. ಒಟ್ಟು 150 ಪಿಕೋ ಫ್ಯಾರಡ್ ಇದ್ದರೆ ಆ ಮೊಳಗು 17.5 ಕಿಲೋ ಹರ್ಟ್ಜಿನ ಹತ್ತಿರ, ಕಿವಿಯ ಅಂಚಿನಲ್ಲಿರುತ್ತದೆ. ಉದ್ದದ ಅಗ್ಗದ ಕೇಬಲ್ ಹಾಕಿ 400 ಆಯಿತೆಂದರೆ 10.7 ಕಿಲೋ ಹರ್ಟ್ಜಿಗೆ ಇಳಿದು ಹಾಡುವವರ ‘ಸ’ಕಾರ ‘ಶ’ಕಾರಗಳೆಲ್ಲ ಸೀಳಿದಂತೆ ಕೇಳುತ್ತವೆ. ಸೂಜಿ ಸವೆದಿದೆ ಎಂದುಕೊಂಡು ಹೊಸದು ತರಿಸುವವರು ಮೊದಲು ಕೇಬಲನ್ನು ಒಂದು ಮೀಟರಿಗೆ ಇಳಿಸಿ ನೋಡಬೇಕು.

ಭಟ್ಕಳ, ಹೊನ್ನಾವರ ಕಡೆ ಕೊಲ್ಲಿ ದೇಶಗಳಿಂದ ಬಂದ ಟರ್ನ್‌ಟೇಬಲ್‌ಗಳಿಗೆ ಇನ್ನೊಂದು ತಕರಾರು. ದುಬೈ, ಕುವೈತ್, ಮಸ್ಕತ್‌ಗಳಲ್ಲಿ ನಮ್ಮಂತೆಯೇ 50 ಹರ್ಟ್ಜ್ ಕರೆಂಟು. ಸೌದಿ ಅರೇಬಿಯಾದಲ್ಲಿ 60. ಅಲ್ಲಿಗೆಂದು ಮಾಡಿದ, ಕರೆಂಟಿನ ಹರ್ಟ್ಜನ್ನೇ ಹಿಂಬಾಲಿಸುವ ಸಿಂಕ್ರನಸ್ ಮೋಟರಿನ ಯಂತ್ರ ಇಲ್ಲಿ ಆರರಲ್ಲಿ ಐದು ಪಾಲಿನ ಲೆಕ್ಕದಲ್ಲಿ ಓಡುತ್ತದೆ, ನಿಮಿಷಕ್ಕೆ 33⅓ರ ಬದಲು 27.8 ಸುತ್ತು. ಹಾಡು ಮೂರು ಸ್ವರಸ್ಥಾನ ಕೆಳಗಿಳಿದು ಎಮ್ಮೆ ನಡೆದಂತೆ ಸಾಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಹೊಂದಿಸಿದರೆ ಇದು ಸರಿಹೋಗುವುದಿಲ್ಲ. 50 ಹರ್ಟ್ಜಿನ ಪುಲ್ಲಿಯನ್ನೇ ಹಾಕಬೇಕು. ಒಳಗೆ ಡಿಸಿ ಮೋಟರ್ ಇದ್ದರೆ ಈ ರಗಳೆ ಇಲ್ಲ. ವೇಗ ನೋಡಲು ಸ್ಟ್ರೋಬ್ ಕಾಗದ ಸಾಕು: 50 ಹರ್ಟ್ಜಿನ ದೀಪ ಸೆಕೆಂಡಿಗೆ 100 ಸಲ ಮಿನುಗುವುದರಿಂದ 33⅓ಕ್ಕೆ 180 ಗೆರೆಗಳ ಸುತ್ತು ನಿಂತಂತೆ ಕಾಣಬೇಕು. ಅಮೆರಿಕದ ಕಾಗದದಲ್ಲಿ 216 ಗೆರೆ ಇರುತ್ತವೆ, ಅದು ಇಲ್ಲಿ ಉಪಯೋಗವಿಲ್ಲ. ಒಳ್ಳೆಯ ಎಲ್‌ಇಡಿ ಬಲ್ಬು ಮಿನುಗುವುದೇ ಇಲ್ಲ, ಹಾಗಾಗಿ ಹಳೆಯ ಚೋಕಿನ ಟ್ಯೂಬ್‌ಲೈಟ್ ಹುಡುಕಿಕೊಳ್ಳಿ.

ರೆಕಾರ್ಡಿನಲ್ಲಿ ಹಾಡು ಇದ್ದ ಹಾಗೆ ಇರುವುದಿಲ್ಲ

ಫೋನೊ ಸ್ಟೇಜ್ ಬರೀ ಹಿಗ್ಗಿಸುವ ಯಂತ್ರವಲ್ಲ ಎಂಬುದನ್ನು ತಿಳಿದರೆ ಉಳಿದದ್ದೆಲ್ಲ ಹಗುರ. ಕೆಳಗಿನ ಸ್ವರಗಳನ್ನು ಇದ್ದ ಜೋರಿನಲ್ಲೇ ಕೊರೆದರೆ ಗೀರು ಅತ್ತಿತ್ತ ಅಗಲವಾಗಿ ಓಲಾಡಿ ಪಕ್ಕದ ಗೀರಿನ ಜಾಗವನ್ನೂ ತಿನ್ನುತ್ತದೆ. ಒಂದು ಬದಿಗೆ ಇಪ್ಪತ್ತು ನಿಮಿಷ ಹಿಡಿಸುವುದು ಸಾಧ್ಯವಾಗುವುದಿಲ್ಲ. ಮೇಲಿನ ಸ್ವರಗಳದ್ದು ಇದಕ್ಕೆ ಉಲ್ಟಾ: ಅವು ಎಷ್ಟು ಸಣ್ಣವೆಂದರೆ ಪ್ಲಾಸ್ಟಿಕ್ಕಿನ ಸರಸರ ಸದ್ದಿನಲ್ಲೇ ಮುಳುಗಿಹೋಗುತ್ತವೆ. ಅದಕ್ಕೇ ಕೊರೆಯುವಾಗ ಬೇಸನ್ನು ತಗ್ಗಿಸಿ, ಟ್ರೆಬಲ್ಲನ್ನು ಏರಿಸಿ ಕೊರೆಯುತ್ತಾರೆ. ಕೇಳುವಾಗ ಅದನ್ನು ತಿರುಗಿಸಿ ಸರಿಮಾಡಬೇಕು. ಮೊದಲು ಒಂದೊಂದು ಕಂಪನಿಗೆ ಒಂದೊಂದು ಲೆಕ್ಕವಿತ್ತು. 1954ರಿಂದ ಈಚೆಗೆ ಆರ್‌ಐಎಎ ಎಂಬ ಒಂದೇ ವಕ್ರರೇಖೆ ನೆಲೆಯಾಯಿತು. ಅದಕ್ಕೆ ಮೂರು ಕಾಲಾಂಕಗಳು (ರೇಖೆ ಎಲ್ಲೆಲ್ಲಿ ಬಾಗುತ್ತದೆ ಎಂದು ಹೇಳುವ ಸಂಖ್ಯೆಗಳು): 3180, 318 ಮತ್ತು 75 ಮೈಕ್ರೋಸೆಕೆಂಡ್. ಆವರ್ತನದಲ್ಲಿ ಹೇಳಿದರೆ 50, 500 ಮತ್ತು 2122 ಹರ್ಟ್ಜ್. ಕೇಳುವಾಗ 1 ಕಿಲೋ ಹರ್ಟ್ಜಿಗಿಂತ 20 ಹರ್ಟ್ಜ್ 19.3 ಡೆಸಿಬೆಲ್ ಮೇಲಿರಬೇಕು, 20 ಕಿಲೋ ಹರ್ಟ್ಜ್ 19.6 ಡೆಸಿಬೆಲ್ ಕೆಳಗಿರಬೇಕು. ಈ ಎರಡು ತುದಿಗಳ ನಡುವಿನ ಅಂತರ ಸುಮಾರು 88 ಪಟ್ಟು.

ಗುಂಯ್‌ ಎನ್ನುವ ಸದ್ದು ಯಾಕೆ ಅಷ್ಟು ಕಾಡುತ್ತದೆ ಎಂಬುದೂ ಇಲ್ಲೇ ತಿಳಿಯುತ್ತದೆ. ಮನೆಯ ಕರೆಂಟಿನ 50 ಹರ್ಟ್ಜ್ ಬೀಳುವುದು ಸರಿಯಾಗಿ ನಾವು ಏರಿಸುವ ಭಾಗದಲ್ಲಿ. ಬೇರೆ ಆಂಪ್ಲಿಫೈಯರಿನಲ್ಲಿ ಕೇಳಿಸದ ಕಸ ಇಲ್ಲಿ ಕೇಳಿಸುತ್ತದೆ.

ಫೋನೊ ಸ್ಟೇಜ್: ಎರಡು ಮೆಟ್ಟಿಲು

ಎನ್‌ಇ5532 ಎಂಬ ಎಂಟು ಕಾಲಿನ ಐಸಿಯಲ್ಲಿ ಎರಡು ಆಪ್-ಆಂಪ್‌ಗಳಿವೆ, ಅಂದರೆ ಎರಡು ಚಿಕ್ಕ ಆಂಪ್ಲಿಫೈಯರುಗಳು. ಎಡ, ಬಲ ಒಂದೊಂದಕ್ಕೆ ಒಂದು ಐಸಿ ಇಟ್ಟುಕೊಳ್ಳಿ. ಇದಕ್ಕಿಂತ ದುಬಾರಿಯವು ಬೇಕಾದಷ್ಟಿವೆ. ಮೂವಿಂಗ್ ಮ್ಯಾಗ್ನೆಟ್ಟಿಗೆ ಇದರ ಸದ್ದು ಸಾಕಷ್ಟು ಕಡಿಮೆ, ನಕಲಿಯ ಕಾಟವೂ ಕಡಿಮೆ.

ಮೊದಲ ಮೆಟ್ಟಿಲು 3180 ಮತ್ತು 318ನ್ನು ನೋಡಿಕೊಳ್ಳುತ್ತದೆ. ಕಾರ್ಟ್ರಿಜ್ಜಿನ ತಂತಿ ನೇರ 3ನೇ ಕಾಲಿಗೆ. ಅಲ್ಲಿಂದ ಗ್ರೌಂಡಿಗೆ 47 ಕಿಲೋ ಓಮ್. 1ನೇ ಕಾಲಿನಿಂದ 2ನೇ ಕಾಲಿಗೆ ಮರಳುವ ದಾರಿಯಲ್ಲಿ 82 ಕಿಲೋ ಓಮಿನ ಮೇಲೆ 39 ನ್ಯಾನೋ ಫ್ಯಾರಡ್ ಜೋಡಿಯಾಗಿ ಕೂರುತ್ತದೆ, ಅದರ ಹಿಂದೆ ಸರಣಿಯಲ್ಲಿ 8.2 ಕಿಲೋ ಓಮ್. 2ನೇ ಕಾಲಿನಿಂದ ಗ್ರೌಂಡಿಗೆ 910 ಓಮ್, ಅದರ ಕೆಳಗೆ 220 ಮೈಕ್ರೋ ಫ್ಯಾರಡ್. ಲೆಕ್ಕ ನೋಡಿ: 82 ಕಿಲೋ ಓಮನ್ನು 39 ನ್ಯಾನೋ ಫ್ಯಾರಡಿನಿಂದ ಗುಣಿಸಿದರೆ 3198 ಮೈಕ್ರೋಸೆಕೆಂಡ್, ಬೇಕಾದ್ದಕ್ಕಿಂತ ಅರ್ಧ ಶೇಕಡಾ ಹೆಚ್ಚು ಅಷ್ಟೆ. 8.2 ಕಿಲೋ ಓಮೂ 910 ಓಮೂ ಸೇರಿ 9.11 ಕಿಲೋ ಓಮ್, ಅಂದರೆ 82ರ ಒಂಬತ್ತರಲ್ಲಿ ಒಂದು ಪಾಲು. ಈ ಒಂಬತ್ತರ ಅನುಪಾತವೇ 318ನ್ನು ತನ್ನ ಜಾಗದಲ್ಲಿ ಕೂರಿಸುವುದು.

75 ಮೈಕ್ರೋಸೆಕೆಂಡಿನ ಕೆಲಸ ಎರಡು ಮೆಟ್ಟಿಲುಗಳ ನಡುವೆ. 1ನೇ ಕಾಲಿನಿಂದ 7.5 ಕಿಲೋ ಓಮ್ 5ನೇ ಕಾಲಿಗೆ ಹೋಗುತ್ತದೆ, 5ನೇ ಕಾಲಿನಿಂದ ಗ್ರೌಂಡಿಗೆ 10 ನ್ಯಾನೋ ಫ್ಯಾರಡ್. ಗುಣಿಸಿದರೆ ಸರಿಯಾಗಿ 75. ಮೂರನ್ನೂ ಒಂದೇ ಫೀಡ್‌ಬ್ಯಾಕಿನಲ್ಲಿ (ಮರಳುವ ದಾರಿಯಲ್ಲಿ) ತುರುಕುವ ಸರ್ಕೀಟುಗಳು ಬಹಳ ಇವೆ. ಆದರೆ ಈ ಜಾತಿಯ ಜೋಡಣೆಯಲ್ಲಿ ಗೇನು (ಎಷ್ಟು ಪಟ್ಟು ಹಿಗ್ಗುತ್ತದೆ ಎಂಬ ಲೆಕ್ಕ) ಒಂದಕ್ಕಿಂತ ಕೆಳಗೆ ಇಳಿಯದ ಕಾರಣ ಅಲ್ಲಿ ಮೇಲಿನ ಸ್ವರಗಳು ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಹೀಗೆ ಹೊರಗೆ ಇಟ್ಟರೆ ಆ ದೋಷವೂ ಇಲ್ಲ, ಮೌಲ್ಯಗಳನ್ನು ಕಾಗದ-ಪೆನ್ಸಿಲಿನಲ್ಲೇ ಲೆಕ್ಕ ಹಾಕಬಹುದು.

ಎರಡನೇ ಮೆಟ್ಟಿಲು ಬರೀ 11 ಪಟ್ಟು: 7ನೇ ಕಾಲಿನಿಂದ 6ನೇ ಕಾಲಿಗೆ 10 ಕಿಲೋ ಓಮ್, 6ನೇ ಕಾಲಿನಿಂದ 1 ಕಿಲೋ ಓಮ್, ಅದರ ಕೆಳಗೆ 220 ಮೈಕ್ರೋ ಫ್ಯಾರಡ್ ಗ್ರೌಂಡಿಗೆ. ಹೊರಗೆ ಹೋಗುವಲ್ಲಿ 100 ಓಮ್, 2.2 ಮೈಕ್ರೋ ಫ್ಯಾರಡಿನ ಫಿಲ್ಮ್ ಕೆಪಾಸಿಟರ್, ಅದರಾಚೆ 47 ಕಿಲೋ ಓಮ್ ಗ್ರೌಂಡಿಗೆ. 4 ಮತ್ತು 8ನೇ ಕಾಲುಗಳಿಂದ ಗ್ರೌಂಡಿಗೆ 100 ನ್ಯಾನೋ ಫ್ಯಾರಡ್ ಒಂದೊಂದು, ಐಸಿಗೆ ಅಂಟಿಕೊಂಡಂತೆ.

ಎಲ್ಲ ಸರಿಯಿದ್ದರೆ 1 ಕಿಲೋ ಹರ್ಟ್ಜಿನಲ್ಲಿ ಗೇನು ಸುಮಾರು 111 ಪಟ್ಟು, 100 ಹರ್ಟ್ಜಿನಲ್ಲಿ 500, 10 ಕಿಲೋ ಹರ್ಟ್ಜಿನಲ್ಲಿ 23. ಪರೀಕ್ಷೆಗೆ ಮೊಬೈಲಿನ ಟೋನ್ ಆ್ಯಪ್ ಸಾಕು. ಅದರ ಹೊರದಾರಿಯನ್ನು 100 ಕಿಲೋ ಓಮ್ ಮತ್ತು 100 ಓಮಿನ ಜೋಡಿಯಿಂದ ಸಾವಿರದಲ್ಲಿ ಒಂದು ಪಾಲಿಗೆ ಇಳಿಸಿ, 100 ಓಮಿನ ಮೇಲಿಂದ ಫೋನೊ ಇನ್‌ಪುಟ್ಟಿಗೆ ಕೊಡಿ. ಸಾಧಾರಣ ಮಲ್ಟಿಮೀಟರು 10 ಕಿಲೋ ಹರ್ಟ್ಜಿನಲ್ಲಿ ಸುಳ್ಳು ಹೇಳುತ್ತದೆ, ಅಲ್ಲಿ ಕಂಪ್ಯೂಟರಿನ ಸೌಂಡ್‌ಕಾರ್ಡಿನಿಂದ ಅಳೆಯಿರಿ. 100 ಹರ್ಟ್ಜಿನಲ್ಲಿ ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಂಡರೆ ತಪ್ಪು 39 ನ್ಯಾನೋ ಫ್ಯಾರಡಿನದು, 10 ಕಿಲೋ ಹರ್ಟ್ಜಿನಲ್ಲಿ ಕಂಡರೆ 10 ನ್ಯಾನೋ ಫ್ಯಾರಡಿನದು. ‘393ಜೆ’, ‘103ಜೆ’ ಎಂದು ಬರೆದ ಕೆಪಾಸಿಟರುಗಳು ಶೇಕಡಾ 5ರ ಹೆಚ್ಚುಕಮ್ಮಿಯವು. ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಹತ್ತು ಹತ್ತು ಕೊಂಡು, ಮೀಟರಿನಲ್ಲಿ ಅಳೆದು, ಹೊಂದುವ ಜೋಡಿ ಆರಿಸಿಕೊಳ್ಳಿ. ಪಾಲಿಪ್ರೊಪಿಲೀನ್ ಸಿಕ್ಕರೆ ಅದೇ ಇರಲಿ. ಬಿಲ್ಲೆ ಆಕಾರದ ಸೆರಾಮಿಕ್ ಇಲ್ಲಿಗೆ ಬೇಡ. ರೆಸಿಸ್ಟರುಗಳೆಲ್ಲ ಶೇಕಡಾ 1ರ ಮೆಟಲ್ ಫಿಲ್ಮ್.

910 ಓಮಿನ ಕೆಳಗಿನ 220 ಮೈಕ್ರೋ ಫ್ಯಾರಡಿನಲ್ಲಿ ಒಂದು ಉಪಾಯ ಅಡಗಿದೆ. ಅದನ್ನು 10 ಮೈಕ್ರೋ ಫ್ಯಾರಡಿಗೆ ಇಳಿಸಿದರೆ ಸುಮಾರು 17 ಹರ್ಟ್ಜಿನಿಂದ ಕೆಳಗಿನದೆಲ್ಲ ಕುಗ್ಗತೊಡಗುತ್ತದೆ. ಮಲೆನಾಡಿನ ಹಳೆಯ ಮನೆಗಳ ಮರದ ಹಲಗೆಯ ಮೆತ್ತಿನ ಮೇಲೆ ಟರ್ನ್‌ಟೇಬಲ್ ಇಟ್ಟವರಿಗೆ ಇದು ಬೇಕೇ ಬೇಕು. ಯಾರೋ ನಡೆದಾಡಿದಾಗ, ಬಾಗಿದ ರೆಕಾರ್ಡು ಏರಿಳಿದಾಗ ಕೇಳಿಸದ ಆವರ್ತನದಲ್ಲಿ ಸ್ಪೀಕರಿನ ಕೋನು ಹೊರಗೆ ಒಳಗೆ ಈಜುವುದನ್ನು ಕಣ್ಣಾರೆ ನೋಡಬಹುದು. ಆಂಪ್ಲಿಫೈಯರಿನ ಶಕ್ತಿಯೆಲ್ಲ ಅಲ್ಲಿ ಸೋರುತ್ತದೆ. ಇನ್ನೂ ಒಳ್ಳೆಯದು ಚಿರೆಕಲ್ಲಿನ ಗೋಡೆಗೆ ಬ್ರಾಕೆಟ್ ಹೊಡೆದು ಟರ್ನ್‌ಟೇಬಲ್ಲನ್ನು ಗೋಡೆಯ ಮೇಲೇ ಕೂರಿಸುವುದು. ಗೋಡೆ ನಡೆದಾಡುವುದಿಲ್ಲ.

ಕರೆಂಟು ಕೊಡುವ ಭಾಗ

ಫೋನೊ ಸ್ಟೇಜಿಗೆ ಧನ 12 ಮತ್ತು ಋಣ 12 ವೋಲ್ಟ್ ಬೇಕು: ಅದಕ್ಕೆ 7812 ಮತ್ತು 7912 ಎಂಬ ವೋಲ್ಟೇಜ್ ರೆಗ್ಯುಲೇಟರುಗಳು. ಇವೆರಡರ ಕಾಲುಗಳ ಕ್ರಮ ಒಂದೇ ಅಲ್ಲ. 7812ರಲ್ಲಿ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಹೊಸಬರು ಸುಡುವ ಮೊದಲ ವಸ್ತು ಇದೇ. 7912ರ ಲೋಹದ ಬೆನ್ನು ಗ್ರೌಂಡಲ್ಲ, ಇನ್‌ಪುಟ್ಟು. ಡಬ್ಬಿಗೆ ತಾಗಿಸಿದರೆ ಫ್ಯೂಸು ಹೋಗುತ್ತದೆ.

ಪುಸ್ತಕಗಳಲ್ಲಿ ಇದಕ್ಕೆ 15-0-15 ಟ್ರಾನ್ಸ್‌ಫಾರ್ಮರ್ ಸಾಕೆಂದು ಬರೆದಿರುತ್ತದೆ. ನಮ್ಮ ಕಡೆಗೆ 18-0-18 ವಾಸಿ. ಕಾರಣ ಇನ್ವರ್ಟರು. ಮಳೆಗಾಲದಲ್ಲಿ ಕರೆಂಟು ಹೋಗುವುದು ಲೆಕ್ಕವಿಲ್ಲ, ಹಳ್ಳಿಮನೆಗಳಲ್ಲಿ ಹೆಚ್ಚಾಗಿ ಇರುವುದು ಸ್ಕ್ವೇರ್ ವೇವ್ ಇನ್ವರ್ಟರು. ಸಾಧಾರಣ ಕರೆಂಟಿನ ಅಲೆಯ ನೆತ್ತಿ ಅದರ ಹೆಸರಿನ ವೋಲ್ಟಿಗಿಂತ 1.41 ಪಟ್ಟು ಮೇಲಿರುತ್ತದೆ. ಸ್ಕ್ವೇರ್ ವೇವಿಗೆ ಆ ನೆತ್ತಿಯೇ ಇಲ್ಲ. 15 ವೋಲ್ಟ್ ಎಂದರೆ 15 ಅಷ್ಟೆ, ಡಯೋಡು ಕಳೆದರೆ 14. ಬ್ಯಾಟರಿ ಇಳಿದರೆ ಇನ್ನೂ ಕಡಿಮೆ. 7812 ಸರಿಯಾಗಿ ನಡೆಯಲು ಒಳಗೆ ಹದಿನಾಲ್ಕೂವರೆ ಆದರೂ ಬೇಕು, ಸಿಗದಿದ್ದರೆ ಕೆಪಾಸಿಟರಿನ ಏರಿಳಿತವೆಲ್ಲ ಹಾಡಿನೊಳಗೆ ಬರುತ್ತದೆ. ಕರೆಂಟಿನಲ್ಲಿ ಶುದ್ಧವಾಗಿ ಹಾಡುವ ಯಂತ್ರ ಇನ್ವರ್ಟರಿನಲ್ಲಿ ಜೀರುಂಡೆಯಾಗುವುದಕ್ಕೆ ಅರ್ಧ ಕಾರಣ ಇದು. ಉಳಿದರ್ಧ ಸ್ಕ್ವೇರ್ ವೇವಿನ ಚೂಪು ಅಂಚುಗಳು ಟ್ರಾನ್ಸ್‌ಫಾರ್ಮರಿನ ಮೂಲಕ ತೂರಿಬರುವುದು. ಅದಕ್ಕೆ ಸೈನ್ ವೇವ್ ಇನ್ವರ್ಟರೊಂದೇ ಮದ್ದು.

ಈ ಟ್ರಾನ್ಸ್‌ಫಾರ್ಮರು ಚಿಕ್ಕದು, 250 ಮಿಲಿ ಆಂಪಿಯರ್ ಸಾಕು. ಆದರೆ ಅದನ್ನು ಫೋನೊ ಬೋರ್ಡಿನಿಂದ ಒಂದಡಿಯಾದರೂ ದೂರವಿಡಿ, ಬೇರೆ ಡಬ್ಬಿಯಲ್ಲಿಟ್ಟರೆ ಇನ್ನೂ ಒಳ್ಳೆಯದು.

ಪವರ್ ಆಂಪ್

ಒಂದು ಸಾಧಾರಣ ಕೋಣೆಗೆ ಒಂದೊಂದು ಬದಿಗೆ 25 ವ್ಯಾಟ್ ಧಾರಾಳ. ಎಲ್‌ಎಂ3886 ಐಸಿ ಎರಡು ಬೇಕು. ಫೋನೊದಿಂದ ಬರುವ 0.44 ವೋಲ್ಟನ್ನು ಇದು 21 ಪಟ್ಟು ಮಾಡಿದರೆ 9 ವೋಲ್ಟ್ ದಾಟುತ್ತದೆ, 8 ಓಮ್ ಸ್ಪೀಕರಿನಲ್ಲಿ ಹತ್ತು ವ್ಯಾಟಿನ ಮೇಲೆ. ಆದ್ದರಿಂದ ನಡುವೆ ಇನ್ನೊಂದು ಪ್ರೀಆಂಪ್ ಬೇಡ, 10 ಕಿಲೋ ಓಮಿನ ಲಾಗ್ ವಾಲ್ಯೂಮ್ ಕಂಟ್ರೋಲ್ ಒಂದಿದ್ದರೆ ಆಯಿತು.

ಟ್ರಾನ್ಸ್‌ಫಾರ್ಮರ್ 18-0-18, 5 ಆಂಪಿಯರ್. ಕೆಲವರು ಹೆಚ್ಚು ವ್ಯಾಟಿನ ಆಸೆಗೆ 24-0-24 ಹಾಕುತ್ತಾರೆ. ಲೆಕ್ಕ ಮಾಡಿ: ಹಾಡಿಲ್ಲದಾಗ ಟ್ರಾನ್ಸ್‌ಫಾರ್ಮರು ಶೇಕಡಾ 10ರಷ್ಟು ಹೆಚ್ಚೇ ಕೊಡುತ್ತದೆ, ರಾತ್ರಿಯ 260 ವೋಲ್ಟು ಇನ್ನು ಶೇಕಡಾ 13 ಏರಿಸುತ್ತದೆ, ನೆತ್ತಿಗೆ 1.41ರಿಂದ ಗುಣಿಸಿ. ಒಂದೊಂದು ಬದಿಗೆ 42 ವೋಲ್ಟ್, ಒಟ್ಟು 84. ಎಲ್‌ಎಂ3886 ಕೆಲಸ ಮಾಡುವಾಗ ತಾಳುವ ಮಿತಿ ಸರಿಯಾಗಿ 84. 18-0-18ರಲ್ಲಿ ಅದೇ ಕೆಟ್ಟ ರಾತ್ರಿ 31-32ಕ್ಕೆ ನಿಲ್ಲುತ್ತದೆ. ಐಸಿ ಉಳಿಯುತ್ತದೆ, ಆದರೆ 35 ವೋಲ್ಟಿನ ಕೆಪಾಸಿಟರ್ ಹಾಕಿದ್ದರೆ ಅದು ಅಂಚಿನಲ್ಲಿ ನಿಂತಿರುತ್ತದೆ. 50 ವೋಲ್ಟಿನದ್ದೇ ಹಾಕಿ: ಒಂದೊಂದು ಬದಿಗೆ 4700 ಮೈಕ್ರೋ ಫ್ಯಾರಡಿನವು ಎರಡೆರಡು. ಅವುಗಳ ಮೇಲೆ 2.2 ಕಿಲೋ ಓಮ್, 1 ವ್ಯಾಟಿನ ರೆಸಿಸ್ಟರು ಅಡ್ಡ ಇದ್ದರೆ ಸ್ವಿಚ್ ತೆಗೆದ ಮೇಲೆ ಒಂದು ನಿಮಿಷದಲ್ಲಿ ಕೈಹಾಕಬಹುದು. ಬ್ರಿಜ್ (ಎಸಿಯನ್ನು ಡಿಸಿ ಮಾಡುವ ಡಯೋಡುಗಳ ಕಟ್ಟು) 25 ಆಂಪಿಯರಿನದು, 230 ವೋಲ್ಟ್ ಬದಿಯಲ್ಲಿ 2 ಆಂಪಿಯರಿನ ಸ್ಲೋ-ಬ್ಲೋ ಫ್ಯೂಸು.

ಐಸಿಯ ಕಾಲುಗಳು ಎರಡು ಸಾಲಿನಲ್ಲಿ ಹಲ್ಲು ಬಿಟ್ಟಂತಿರುವುದರಿಂದ ತೂತಿನ ಬೋರ್ಡಿನಲ್ಲಿ ಕೂರುವುದಿಲ್ಲ, ಪಿಸಿಬಿ ಬೇಕು. 1 ಮತ್ತು 5 ಧನ, 4 ಋಣ, 3 ಔಟ್‌ಪುಟ್, 7 ಗ್ರೌಂಡ್, 9 ಫೀಡ್‌ಬ್ಯಾಕ್, 10 ಇನ್‌ಪುಟ್. 3ರಿಂದ 9ಕ್ಕೆ 20 ಕಿಲೋ ಓಮ್, 9ರಿಂದ 1 ಕಿಲೋ ಓಮ್ ಮತ್ತು 47 ಮೈಕ್ರೋ ಫ್ಯಾರಡ್ ಗ್ರೌಂಡಿಗೆ. 8ನೇ ಕಾಲು ಮ್ಯೂಟ್. ಅದರಿಂದ ಕನಿಷ್ಠ ಅರ್ಧ ಮಿಲಿ ಆಂಪಿಯರ್ ಎಳೆಯದಿದ್ದರೆ ಐಸಿ ಬಾಯಿ ಬಿಡುವುದೇ ಇಲ್ಲ. 22 ಕಿಲೋ ಓಮ್ ಋಣ ವೋಲ್ಟಿಗೆ ಕಟ್ಟಿದರೆ 1 ಮಿಲಿ ಆಂಪಿಯರ್ ಸಿಗುತ್ತದೆ. ‘ಎಲ್ಲ ಸರಿಯಿದೆ, ಸದ್ದೇ ಇಲ್ಲ’ ಎನ್ನುವ ಹತ್ತು ದೂರುಗಳಲ್ಲಿ ಹೆಚ್ಚಿನವು ಈ ಒಂದು ರೆಸಿಸ್ಟರಿನವು. ಔಟ್‌ಪುಟ್ಟಿನಿಂದ ಗ್ರೌಂಡಿಗೆ 2.7 ಓಮ್ ಮತ್ತು 100 ನ್ಯಾನೋ ಫ್ಯಾರಡ್ ಸರಣಿಯಲ್ಲಿ ಹಾಕುವುದನ್ನು ಮರೆಯಬೇಡಿ. ಮರೆತರೆ ಕೇಳಿಸದ ಆವರ್ತನದಲ್ಲಿ ಐಸಿ ತಾನೇ ಕಂಪಿಸಿ, ಹಾಡಿಲ್ಲದೆಯೂ ಬಿಸಿಯಾಗುತ್ತದೆ.

ಹೀಟ್‌ಸಿಂಕಿಗೆ ಕೂರಿಸುವಾಗ ಜಾಗ್ರತೆ: ಲೋಹದ ಬೆನ್ನಿನ ಐಸಿಯಲ್ಲಿ ಆ ಬೆನ್ನು ಋಣ ವೋಲ್ಟಿನಲ್ಲಿರುತ್ತದೆ. ಮೈಕಾ ಹಾಳೆ, ಪ್ಲಾಸ್ಟಿಕ್ ಬುಶ್, ಎರಡು ಕಡೆ ತೆಳ್ಳಗೆ ಹೀಟ್‌ಸಿಂಕ್ ಪೇಸ್ಟ್ ಹಾಕಿ, ಮೀಟರಿನಲ್ಲಿ ಹೀಟ್‌ಸಿಂಕಿಗೂ ಐಸಿಗೂ ಸಂಪರ್ಕವಿಲ್ಲವೆಂದು ನೋಡಿಕೊಳ್ಳಿ. 8 ಓಮಿಗೆ ಒಂದು ಐಸಿ ಹೆಚ್ಚೆಂದರೆ 17 ವ್ಯಾಟ್ ಬಿಸಿ ಉಗುಳುತ್ತದೆ. ವ್ಯಾಟಿಗೆ 1.5 ಡಿಗ್ರಿಯ ಹೀಟ್‌ಸಿಂಕಾದರೆ 25 ಡಿಗ್ರಿ ಏರಿಕೆ. ಮೇ ತಿಂಗಳ ಕಾರವಾರದಲ್ಲಿ ಕೋಣೆಯೇ 35 ಇದ್ದರೂ ತಡೆಯುತ್ತದೆ, ರೆಕ್ಕೆಗಳು ಡಬ್ಬಿಯ ಹೊರಗೆ ನೆಟ್ಟಗೆ ನಿಂತಿದ್ದರೆ ಮಾತ್ರ.

ಮೊದಲ ಸಲ ಕರೆಂಟು ಕೊಡುವಾಗ ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಲ್ಯಾಂಪ್ ಬಳಸಿ, 60 ವ್ಯಾಟಿನ ಹಳೆಯ ತಂತಿಯ ಬಲ್ಬು. ಒಮ್ಮೆ ಮಿಂಚಿ ಮಂಕಾದರೆ ಸರಿ, ಬೆಳಗುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಸ್ಪೀಕರ್ ಸಿಕ್ಕಿಸುವ ಮೊದಲು ಔಟ್‌ಪುಟ್ಟಿನ ಡಿಸಿ ಅಳೆಯಿರಿ, 50 ಮಿಲಿವೋಲ್ಟಿನೊಳಗೆ ಇರಬೇಕು. ಹಲವು ವೋಲ್ಟ್ ಇದ್ದರೆ ಒಂದು ಬದಿಯ ಕರೆಂಟು ಬಂದಿಲ್ಲ ಅಥವಾ ಐಸಿ ನಕಲಿ. ಎಲ್‌ಎಂ3886ಕ್ಕೆ ನಕಲಿಗಳು ವಿಪರೀತ, ಅರ್ಧ ಬೆಲೆಗೆ ಸಿಕ್ಕರೆ ಅದು ಯಾಕೆಂದು ಕೇಳಬೇಕಾಗಿಲ್ಲ.

ಗುಂಯ್‌ ಎಲ್ಲಿಂದ?

ಗುಂಯ್‌ಗಳಲ್ಲಿ ಎರಡು ಜಾತಿ, ಮದ್ದೂ ಎರಡು. ಮೆತ್ತಗೆ, ದಪ್ಪಗೆ, ದೂರದ ಲಾರಿಯಂತೆ ಕೇಳಿಸಿದರೆ 50 ಹರ್ಟ್ಜ್. ಯಾವುದೋ ಟ್ರಾನ್ಸ್‌ಫಾರ್ಮರಿನ ಕಾಂತ ಕಾರ್ಟ್ರಿಜ್ಜನ್ನೋ ತಂತಿಯನ್ನೋ ತಲುಪುತ್ತಿದೆ. ಟೋನ್‌ಆರ್ಮನ್ನು ಕೈಯಲ್ಲಿ ಅತ್ತಿತ್ತ ಸರಿಸಿದಾಗ ಸದ್ದು ಏರಿಳಿದರೆ ಅದು ಖಚಿತ. ದೂರ ಇಡಿ, ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ನೋಡಿ. ಕೀರಲಾಗಿ, ದುಂಬಿ ಹಾರಿದಂತೆ ಕೇಳಿಸಿದರೆ 100 ಹರ್ಟ್ಜ್. ಬ್ರಿಜ್ ಕೆಪಾಸಿಟರಿಗೆ ತುಂಬುವ ಕರೆಂಟಿನ ದಾರಿಯನ್ನು ಹಾಡಿನ ಗ್ರೌಂಡೂ ಹಂಚಿಕೊಂಡಿದೆ. ಎರಡು ಕೆಪಾಸಿಟರುಗಳ ನಡುವಿನ ಜಾಗಕ್ಕೆ ಟ್ರಾನ್ಸ್‌ಫಾರ್ಮರಿನ ನಡುತಂತಿ ಬರಲಿ, ಅಲ್ಲಿಂದ ಒಂದು ದಪ್ಪ ತಂತಿ ಹೊರಟು ಬೇರೊಂದು ಬಿಂದುವಿಗೆ ಹೋಗಲಿ, ಸ್ಪೀಕರಿನ ಗ್ರೌಂಡು, ಬೋರ್ಡುಗಳ ಗ್ರೌಂಡು ಎಲ್ಲವೂ ಆ ಎರಡನೇ ಬಿಂದುವಿನಲ್ಲೇ ಕೂಡಲಿ. ಕಂತೆಗಟ್ಟಲೆ ಸರ್ಕೀಟು ಬದಲಿಸುವುದಕ್ಕಿಂತ ಈ ಒಂದು ತಂತಿಯನ್ನು ಸರಿಸುವುದು ಹೆಚ್ಚು ಫಲ ಕೊಡುತ್ತದೆ.

ಟರ್ನ್‌ಟೇಬಲ್ಲಿನ ಹಿಂದೆ ಬಾಲದಂತೆ ನೇತಾಡುವ ತೆಳು ಹಸಿರು ಅಥವಾ ಕಪ್ಪು ತಂತಿ ಫೋನೊ ಡಬ್ಬಿಯ ಸ್ಕ್ರೂಗೆ ಹೋಗಬೇಕು. ಡಬ್ಬಿಯ ಲೋಹ ನೇರ ಮನೆಯ ಅರ್ಥಿಂಗಿಗೆ. ಹಾಡಿನ ಗ್ರೌಂಡು ಡಬ್ಬಿಗೆ ಸೇರುವುದು 10 ಓಮಿನ ರೆಸಿಸ್ಟರಿನ ಮೂಲಕ, ಅದರ ಮೇಲೆ ಎದುರುಬದುರಾಗಿ ಎರಡು ದಪ್ಪ ಡಯೋಡು. ಅರ್ಥಿಂಗ್ ಪಿನ್ ಮುರಿದು ಹಾಕಿದರೆ ಗುಂಯ್‌ ಹೋಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಹೋಗುತ್ತದೆ, ನಿಜ. ಟ್ರಾನ್ಸ್‌ಫಾರ್ಮರ್ ಸೋರಿದ ದಿನ ಡಬ್ಬಿ ಮುಟ್ಟಿದವರೂ ಹೋಗುತ್ತಾರೆ. ಅರ್ಥಿಂಗೇ ಸರಿಯಿದೆಯೇ ನೋಡಿ: ನ್ಯೂಟ್ರಲ್ ಮತ್ತು ಅರ್ಥಿನ ನಡುವೆ ಮೀಟರಿನಲ್ಲಿ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಚಿರೆಕಲ್ಲಿನ ನೆಲದಲ್ಲಿ ಮಳೆಗಾಲದಲ್ಲಿ ಸರಿಯಿದ್ದದ್ದು ಏಪ್ರಿಲ್‌ನಲ್ಲಿ ಕೆಡುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕುವ ಹಳೆಯ ಪದ್ಧತಿ ಹಾಡಿಗೂ ಒಳ್ಳೆಯದು.

ಏಪ್ರಿಲ್-ಮೇ ಸಂಜೆಗಳ, ಅಕ್ಟೋಬರಿನ ಗುಡುಗು ಸಿಡಿಲಿಗೆ ಪ್ಲಗ್ ಕೀಳುವುದೊಂದೇ ಉಪಾಯ. ಸ್ವಿಚ್ ತೆಗೆದರೆ ಸಾಲದು. ಸಣ್ಣಪುಟ್ಟ ಹೊಡೆತಗಳಿಗೆ 275 ವೋಲ್ಟಿನ ಎಂಒವಿ (ವೋಲ್ಟು ಮಿತಿಮೀರಿದರೆ ಅದನ್ನು ತಾನು ಹೀರಿಕೊಳ್ಳುವ ಬಿಲ್ಲೆ) ಹಾಕಬಹುದು, ಫ್ಯೂಸಿನ ನಂತರ ಮಾತ್ರ. ಕಂಬದಲ್ಲಿ ನ್ಯೂಟ್ರಲ್ ಕಡಿದು 400 ವೋಲ್ಟ್ ಬಂದರೆ ಎಂಒವಿ ಶಾರ್ಟಾಗಿ ಫ್ಯೂಸನ್ನು ಸುಡಬೇಕು, ತಾನೇ ಹೊತ್ತಿಕೊಳ್ಳಬಾರದು.

ತೇವ, ಬೂಸ್ಟು, ಹಲ್ಲಿ

ಸಾಲ್ಡರಿಂಗ್ ಮುಗಿದ ಮೇಲೆ ಬೋರ್ಡಿನ ಹಿಂಬದಿಯ ಫ್ಲಕ್ಸನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆಯಿರಿ. ಬಯಲುಸೀಮೆಯಲ್ಲಿ ಇದನ್ನು ಬಿಟ್ಟರೂ ನಡೆದೀತು. ಇಲ್ಲಿ ಜೂನ್ ಬಂದ ಕೂಡಲೇ ಆ ಫ್ಲಕ್ಸು ತೇವ ಹೀರಿ, ಕಾಲಿನಿಂದ ಕಾಲಿಗೆ ಸೋರಿ, ಚರಚರ ಸದ್ದು ಶುರುವಾಗುತ್ತದೆ. ತೊಳೆದು ಒಣಗಿಸಿ ಪಾರದರ್ಶಕ ಲ್ಯಾಕರ್ ಹೊಡೆಯಿರಿ. ಅಗ್ಗದ ಐಸಿ ಸಾಕೆಟ್ ಬೇಡ, ಎರಡು ಮಳೆಗಾಲದಲ್ಲಿ ಅದರ ತಗಡು ಕಪ್ಪಾಗುತ್ತದೆ. ದುಂಡು ಕಾಲಿನ ಸಾಕೆಟ್ ಹಾಕಿ ಅಥವಾ ನೇರ ಬೆಸುಗೆ ಹಾಕಿ. ಡಬ್ಬಿ ಅಲ್ಯೂಮಿನಿಯಮ್ಮಿನದು. ಗಾಳಿಯ ತೂತುಗಳಿಗೆ ಒಳಗಿನಿಂದ ಸಣ್ಣ ಜಾಲರಿ ಅಂಟಿಸಿ: ಬೆಚ್ಚಗಿನ ಜಾಗ ಕಂಡರೆ ಹಲ್ಲಿ ನುಗ್ಗುತ್ತದೆ, 230 ವೋಲ್ಟಿನ ಎರಡು ತುದಿಗೆ ಬಾಲ ಒಂದು ಕಡೆ ತಲೆ ಒಂದು ಕಡೆ ಇಡುತ್ತದೆ. ಬಳಸದ ಸಾಕೆಟುಗಳಿಗೆ ಮುಚ್ಚಳ ಹಾಕದಿದ್ದರೆ ಕಣಜ ಮಣ್ಣಿನ ಮನೆ ಕಟ್ಟಿ ಹೋಗಿರುತ್ತದೆ.

ರೆಕಾರ್ಡಿನ ವೈರಿ ಬೂಸ್ಟು. ಅದು ಮೊದಲು ಹಿಡಿಯುವುದು ಕಾಗದದ ಒಳಚೀಲವನ್ನು, ಅಲ್ಲಿಂದ ಗೀರಿಗೆ. ಒಳಚೀಲವನ್ನು ಪಾಲಿಥಿನ್ನಿನದಕ್ಕೆ ಬದಲಿಸಿ. ಕಪಾಟಿನ ತೇವಕ್ಕೆ ಕ್ಯಾಮರಾದವರ ಹಳೆಯ ಉಪಾಯವೇ ಇಲ್ಲಿಗೂ: ಮುಚ್ಚಿದ ಕಪಾಟಿನ ತಳದಲ್ಲಿ 15 ವ್ಯಾಟಿನ ತಂತಿಯ ಬಲ್ಬು. ಒಳಗಿನ ಗಾಳಿ 27ರಿಂದ 32 ಡಿಗ್ರಿಗೆ ಏರಿದರೆ ಶೇಕಡಾ 90 ಇದ್ದ ತೇವಾಂಶ 67ಕ್ಕೆ ಇಳಿಯುತ್ತದೆ, ಬೂಸ್ಟಿಗೆ ಅಷ್ಟರಲ್ಲಿ ಬೇಸರ ಬರುತ್ತದೆ. ಬಲ್ಬಿಗೂ ರೆಕಾರ್ಡಿಗೂ ಒಂದೂವರೆ ಅಡಿ ಅಂತರ ಇರಲಿ, ನಡುವೆ ತಗಡಿನ ಮರೆ ಇರಲಿ. ಒಲೆಯ ಮೇಲಿನ ಅಟ್ಟ ಹಪ್ಪಳಕ್ಕೆ ಸರಿ, ರೆಕಾರ್ಡಿಗಲ್ಲ. ಅಲ್ಲಿ ತೇವ ಇರುವುದಿಲ್ಲ, ಹೊಗೆಯ ಜಿಡ್ಡಿರುತ್ತದೆ. ರೆಕಾರ್ಡುಗಳು ನೆಟ್ಟಗೆ ನಿಂತಿರಬೇಕು. ಓರೆಯಾಗಿ ಒರಗಿದವು ಒಂದು ಬೇಸಿಗೆಯಲ್ಲಿ ಬಾಗುತ್ತವೆ.

ತೊಳೆಯಲು ಡಿಸ್ಟಿಲ್ಡ್ ನೀರು ನಾಲ್ಕು ಪಾಲು, ಐಸೋಪ್ರೊಪೈಲ್ ಒಂದು ಪಾಲು, ಲೀಟರಿಗೆ ಎರಡು ಹನಿ ಬಣ್ಣ-ಸುವಾಸನೆ ಇಲ್ಲದ ದ್ರವ ಸೋಪು. ಮೆತ್ತನೆ ಬ್ರಷ್ಷಿನಲ್ಲಿ ಗೀರಿನ ದಿಕ್ಕಿನಲ್ಲೇ ತಿಕ್ಕಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ತೊಳೆದು, ಲೇಬಲ್ ನೆನೆಯದಂತೆ ನೋಡಿಕೊಂಡು, ಫ್ಯಾನಿನಡಿ ನಿಲ್ಲಿಸಿ. ಬಾವಿ ನೀರು ಬೇಡ, ಒಣಗಿದಾಗ ಅದರ ಸುಣ್ಣ ಗೀರಿನಲ್ಲೇ ಉಳಿಯುತ್ತದೆ. ಇದು ಎಲ್‌ಪಿಗೆ ಮಾತ್ರ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳು ಅರಗಿನವು, ಆಲ್ಕೊಹಾಲು ಅರಗನ್ನೇ ಕರಗಿಸುತ್ತದೆ. ಅವಕ್ಕೆ ನೀರು, ಎರಡು ಹನಿ ಸೋಪು, ಬೇಗ ಒರೆಸುವುದು, ಅಷ್ಟೆ.

78 ಕೇಳುವವರಿಗೆ

ಘಟ್ಟದ ಮೇಲಿನ ಹುಬ್ಬಳ್ಳಿ-ಧಾರವಾಡದ ಗಾಯಕರ ಹಳೆಯ ತಟ್ಟೆಗಳು ಈ ಕಡೆಯ ಮನೆಗಳಲ್ಲೂ ಸಿಗುತ್ತವೆ. ಗಂಗೂಬಾಯಿ ಹಾನಗಲ್ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹಾಡಿದ ಕಾಲದ್ದೂ ಇರಬಹುದು. ಎಲ್‌ಪಿಯ ಸೂಜಿಯನ್ನು ಅವುಗಳ ಮೇಲೆ ಇಡಬೇಡಿ. 78ರ ಗೀರು ಅಗಲ, ಅದಕ್ಕೆ 3 ಮಿಲ್ ಸೂಜಿ ಬೇಕು (ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು). ಎಲ್‌ಪಿಯದು ಸುಮಾರು 0.7 ಮಿಲ್, ಅದು ಗೀರಿನ ತಳಕ್ಕೆ ಬಿದ್ದು ಕಸವನ್ನೇ ಓದುತ್ತದೆ. ವಿಎಂ95 ಸರಣಿಯಲ್ಲಿ 78ಕ್ಕೆಂದೇ ಇರುವ ಎಸ್‌ಪಿ ಸೂಜಿ ಅದೇ ಕಾರ್ಟ್ರಿಜ್ಜಿಗೆ ಸಿಕ್ಕಿಕೊಳ್ಳುತ್ತದೆ, ಭಾರ 5 ಗ್ರಾಂ.

ಆ ಕಾಲದಲ್ಲಿ ಆರ್‌ಐಎಎ ಇರಲಿಲ್ಲ, ಎಚ್‌ಎಂವಿಯ ಹಳೆಯ ತಟ್ಟೆಗಳಲ್ಲಿ ಟ್ರೆಬಲ್ ಏರಿಸಿರುವುದಿಲ್ಲ. ಇಳಿಸುವ ನಮ್ಮ ಸರ್ಕೀಟಿನಲ್ಲಿ ಅವು ಕಂಬಳಿ ಹೊದ್ದಂತೆ ಕೇಳುತ್ತವೆ. 10 ನ್ಯಾನೋ ಫ್ಯಾರಡಿನ ಜಾಗದಲ್ಲಿ ಒಂದು ಸ್ವಿಚ್ ಇಟ್ಟು, 78ಕ್ಕೆ 3.3 ನ್ಯಾನೋ ಫ್ಯಾರಡಿಗೆ ಬದಲಿಸಿ. ಇಳಿತ 6.4 ಕಿಲೋ ಹರ್ಟ್ಜಿನಿಂದ ಶುರುವಾಗುತ್ತದೆ: ದನಿ ಮೇಲೇಳುತ್ತದೆ, ಅರಗಿನ ಸರಸರ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಫೋನೊದ ಹೊರಗೆ ಎಡ-ಬಲ ಎರಡನ್ನೂ ತಲಾ 1 ಕಿಲೋ ಓಮಿನ ಮೂಲಕ ಕೂಡಿಸುವ ಮೋನೊ ಸ್ವಿಚ್ ಹಾಕಿ. 78ರಲ್ಲಿ ಹಾಡು ಇರುವುದು ಅಡ್ಡ ಅಲುಗಾಟದಲ್ಲಿ ಮಾತ್ರ, ಮೇಲೆ-ಕೆಳಗಿನ ಅಲುಗಾಟವೆಲ್ಲ ಕಸ. ಎರಡನ್ನೂ ಕೂಡಿಸಿದಾಗ ಆ ಕಸ ತಂತಾನೇ ಕಳೆದುಹೋಗುತ್ತದೆ.

ಸೂಜಿಯ ಭಾರವನ್ನು ಕಣ್ಣಂದಾಜಿನಲ್ಲಿ ಇಡಬೇಡಿ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಸಾಕು, ಆದರೆ ಅದರ ಉಕ್ಕಿನ ತಟ್ಟೆ ಕಾರ್ಟ್ರಿಜ್ಜಿನ ಅಯಸ್ಕಾಂತವನ್ನು ಎಳೆದು ತಪ್ಪು ತೋರಿಸುತ್ತದೆ, ಮೇಲೆ ಎರಡು ಸೆಂಟಿಮೀಟರ್ ಎತ್ತರದ ಪ್ಲಾಸ್ಟಿಕ್ ಮಣೆ ಇಟ್ಟು ತೂಗಿ. ಕಡಿಮೆ ಭಾರ ರೆಕಾರ್ಡಿಗೆ ಒಳ್ಳೆಯದೆಂಬ ನಂಬಿಕೆ ತಪ್ಪು. ಹಗುರಾದ ಸೂಜಿ ಜೋರು ಸ್ವರದಲ್ಲಿ ಗೀರಿನ ಗೋಡೆಯಿಂದ ಗೋಡೆಗೆ ಜಿಗಿದು ಕಚ್ಚುತ್ತದೆ. ಕಾರ್ಟ್ರಿಜ್ಜನ್ನು ಓರೆಯಿಲ್ಲದೆ ಕೂರಿಸಲು ನಡುಗೂಟದಿಂದ 66 ಮತ್ತು 121 ಮಿಲಿಮೀಟರ್ ದೂರದ ಎರಡು ಬಿಂದುಗಳಿರುವ ಕಾಗದ ಅಚ್ಚು ಹಾಕಿಕೊಳ್ಳಿ. ಎರಡೂ ಕಡೆ ಕಾರ್ಟ್ರಿಜ್ಜಿನ ಪಕ್ಕೆ ಗೆರೆಗೆ ಸಮವಾಗಬೇಕು. ಆಡಿಯೋ-ಟೆಕ್ನಿಕಾ ತನ್ನ ಎಲಿಪ್ಟಿಕಲ್ ಸೂಜಿಗೆ 300 ಗಂಟೆ, ಶಂಕುವಿನಾಕಾರದ್ದಕ್ಕೆ 500 ಗಂಟೆ ಆಯಸ್ಸು ಹೇಳುತ್ತದೆ. ದಿನಕ್ಕೊಂದು ಎಲ್‌ಪಿಯ ಎರಡೂ ಬದಿ ಕೇಳುವವರಿಗೆ ಎಲಿಪ್ಟಿಕಲ್ ಒಂದು ವರ್ಷದ ಮೇಲೆ ಬರುತ್ತದೆ. ಆಷಾಢದಲ್ಲಿ ಹಂಚಿನ ಮೇಲೆ ಮಳೆ ಹೊಡೆಯುವ ದಿನಗಳನ್ನು ಆ ಲೆಕ್ಕದಿಂದ ಬಿಡಬಹುದು, ಆ ಸದ್ದನ್ನು ಮೀರಿ ಹಾಡಿಸಲು 25 ವ್ಯಾಟಲ್ಲ, 250 ವ್ಯಾಟೂ ಸಾಲದು.